ಕಂಟ್ರೋಲರ್ ಮಾಮಾನ ಪ್ರವೇಶ ಪರೀಕ್ಷೆ

ನನ್ನ ಸೋದರಮಾವನಿಗೆ ಬೆಂಜೀನ್ ಎಂದರೆ ಒಂದು ಊರೋ, ಔಷಧವೋ, ಇಲ್ಲಾ ಹೊಸದಾಗಿ ಬಂದ ಲಾರಿಯ ಹೆಸರೋ ಗೊತ್ತಿರಲಿಲ್ಲ. ಆದರೂ ಇಲಕಲ್ಲಿನಿಂದ ಬಾದಾಮಿಯವರೆಗೆ ಅವನಷ್ಟು ಚೆನ್ನಾಗಿ ರಸಾಯನಶಾಸ್ತ್ರ ಕಲಿಸಿದವರು ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ! ನಗಬೇಡಿ. ಮ್ಯಾಟ್ರಿಕ್ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಮೂರು ಸಲ ಕೂತವನು ಅವನು. "ಮೂರನೇ ಸಲ ಪೇಪರ್ ತಿದ್ದೋರಿಗೇ ಬ್ಯಾಸರ ಬಂದು ಪಾಸ್ ಮಾಡಿದ್ರು" ಎಂದು ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅಂಥವನು ನನ್ನನ್ನು ಡಾಕ್ಟರ್ ಮಾಡಲು ಹೊರಟ.

ಮಾಮಾ ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಇದು ಅವನ ಕೆಲಸ. ಅವನ ಕೋಣೆಯ ಮೈಕು ಒಮ್ಮೆ ಕೆಟ್ಟು ಮೂರು ತಿಂಗಳು ಹಾಗೆಯೇ ಇತ್ತು; ಅದು ಕೆಟ್ಟಿದೆ ಎನ್ನುವುದು ಇಡೀ ಊರಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಮಾಮಾನ ಗಂಟಲು ಅಂಥದ್ದು! ಇನ್ನು ಅವನನ್ನು ಬಸ್ಸಿನ ವೇಳೆ ಕೇಳುವುದೆಂದರೆ ದೊಡ್ಡ ಸಾಹಸ.

"ಬಾಗಲಕೋಟಿ ಗಾಡಿ ಎಷ್ಟಕ್ಕೈತ್ರಿ?"

"ಯಾಕ ಹೊಂಟೀರಿ?"

"ಹೆಣ್ಣ ನೋಡಾಕ್ರಿ."

"ಹಂಗಾದ್ರ ಹನ್ನೊಂದರ ಗಾಡಿಗೆ ಹೋಗಬ್ಯಾಡ್ರಿ. ಅದರ ಕಿಡಕಿಗೆ ಗಾಜಿಲ್ಲ. ಧೂಳ ಮೆತ್ತಿ ಹುಡುಗ ಮುದುಕ ಕಂಡಾನು. ನಾಳಿ ಮುಂಜಾನಿ ಎಂಟಕ್ಕ ಬರ್ರಿ."

ಪಾಪ, ಆ ಜನ ಮನೆಗೆ ಮರಳಿ ಹೋಗಿ ಮರುದಿನ ಎಂಟಕ್ಕೆ ಬರುತ್ತಿದ್ದರು!

ಇಷ್ಟೆಲ್ಲ ಬಸ್ಸುಗಳನ್ನು ಆಳುತ್ತಿದ್ದ ಮಾಮಾ ಸ್ವತಃ ಬಸ್ಸು ಹತ್ತುತ್ತಿರಲಿಲ್ಲ. ಹತ್ತಿದರೆ ವಾಂತಿ. ಬಸ್ಸಿನ ಹೊಗೆಯಲ್ಲಿ ಹಗಲೆಲ್ಲ ನಿಂತರೆ ಏನೂ ಇಲ್ಲ, ಸೀಟಿನ ಮೇಲೆ ಕೂತು ಎರಡು ಹರದಾರಿ ಹೋದರೆ ಕರುಳೆಲ್ಲ ಬಾಯಿಗೆ. ಹುನಗುಂದದಲ್ಲಿ ಅಜ್ಜಿಯ ಜೊತೆ ಇದ್ದ ಅವನು ಇಲಕಲ್ಲಿನ ನಮ್ಮ ಮನೆಗೆ ಬರುವುದಿದ್ದರೆ ಸೈಕಲ್ಲೇ ಗತಿ. ಅವನದೇ ಸ್ಟ್ಯಾಂಡಿನ ಡ್ರೈವರುಗಳು ಪಕ್ಕದಲ್ಲಿ ಬಸ್ಸು ನಿಧಾನ ಮಾಡಿ, "ಬರ್ರಿ ಸಾಹೇಬ್ರ, ಜಗಾ ಐತಿ!" ಎಂದು ಕಾಡುತ್ತಿದ್ದರು. ಮಾಮಾ ಗಂಭೀರವಾಗಿ ವಾಚು ನೋಡಿ, "ನೀ ನಾಕ್ ನಿಮಿಷ ತಡ ಅದಿ, ನಡಿ" ಎನ್ನುತ್ತಿದ್ದ.

ಎಂಬತ್ತರ ದಶಕದ ನಡುವಿನ ಮಾತು. ನಾನು ಪಿಯುಸಿ ಎರಡನೆಯ ವರ್ಷ ವಿಜ್ಞಾನ. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ, ಒಮ್ಮೆಲೇ ಇಂಗ್ಲಿಷಿನ ಬಾವಿಗೆ ಬಿದ್ದವಳು. ಮನೆಯಲ್ಲಿ ಅಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಿದ್ದರು, ಅವ್ವ ನೂಲು ಸುತ್ತುತ್ತಿದ್ದಳು, ನಾನು ಆ ಖಟಖಟ ಸದ್ದಿನಲ್ಲಿ ಕಪ್ಪೆಯ ಹೃದಯದ ಚಿತ್ರ ಬರೆಯುತ್ತಿದ್ದೆ. ಡಾಕ್ಟರ್ ಆಗಬೇಕೆಂಬ ಆಸೆ ಇತ್ತು. ಅದನ್ನು ಒಮ್ಮೆ ಮಾಮಾನ ಮುಂದೆ ಆಡಿದ್ದೆ, ಅಷ್ಟೇ.

ಒಂದು ಮಧ್ಯಾಹ್ನ ಮಾಮಾ ಖಾಕಿ ಅಂಗಿಯಲ್ಲೇ, ಬೆವರಿಳಿಸುತ್ತ ನಮ್ಮ ಮನೆಯ ಮುಂದೆ ಸೈಕಲ್ಲಿನಿಂದ ಇಳಿದ. ಕೈಯಲ್ಲಿ ಹಿಂದಿನ ದಿನದ ಪೇಪರು. ಒಳಗೆ ಬಂದವನೇ ಕೂಗಿದ:

"ಮಗ್ಗ ನಿಲ್ಲಸ್ರಿ! ಡಾಕ್ಟರ್ ಆಗಾಕ ಬರೇ ಪಿಯುಸಿ ಮಾರ್ಕ್ಸ್ ಸಾಲೂದಿಲ್ಲಂತ. ಬ್ಯಾರೇನ ಒಂದು ಪ್ರವೇಶ ಪರೀಕ್ಷಿ ಐತಂತ. ಅವರ ನಾಕ್ ಉತ್ತರ ಕೊಟ್ಟಿರ್ತಾರ. ಒಂದು ಖರೆ, ಮೂರು ಸುಳ್ಳು. ಖರೆ ಯಾವ್ದಂತ ತೋರಿಸಿದ್ರ ಆತು."

ಅಪ್ಪ ಮಗ್ಗ ನಿಲ್ಲಿಸಿ, "ಉತ್ತರ ಅವರಿಗೇ ಗೊತ್ತಿದ್ರ ಈಕಿನ್ನ ಯಾಕ ಕೇಳ್ತಾರ?" ಎಂದರು.

ಆ ದಿನ ಅಜ್ಜಿಯೂ ನಮ್ಮಲ್ಲೇ ಇದ್ದಳು. ಅಜ್ಜಿಯ ಮಾತನ್ನು ಮನೆಯಲ್ಲಿ ಯಾರೂ ದಾಟುತ್ತಿರಲಿಲ್ಲ. ಅವಳು ಎಲೆಗೆ ಸುಣ್ಣ ಹಚ್ಚುತ್ತ, "ಮದುವಿಗೆ ಬಂದ ಹುಡುಗಿಗೆ ಎಂಥಾ ಪರೀಕ್ಷಿಯೊ? ಪಿಯುಸಿ ಮುಗಿದ ಮ್ಯಾಲ ಅಕ್ಕಿಕಾಳ ಹಾಕಿ ಕೈ ತೊಳಕೊಳ್ಳೂದು" ಎಂದಳು. ಅವ್ವ ತಲೆ ತಗ್ಗಿಸಿದಳು. ಅಪ್ಪ ಮಗ್ಗದ ಕಡೆ ತಿರುಗಿದರು. ಮಾಮಾ ಅಜ್ಜಿಯನ್ನು ಕರೆದುಕೊಂಡು ಹಿತ್ತಲಿಗೆ ಹೋದ. ಅಲ್ಲಿ ಏನು ಮಾತಾಯಿತೋ ತಿಳಿಯದು. ಒಳಗೆ ಮರಳಿ ಬಂದ ಅಜ್ಜಿ, "ಒಂದು ಸಲ ಬರೀಲಿ. ಪಾಸಾದ್ರ ಓದಲಿ. ನಪಾಸಾದ್ರ ಮದುವಿ. ಎರಡನೇ ಸಲ ಅನ್ನೂ ಮಾತಿಲ್ಲ" ಎಂದು ತೀರ್ಪು ಕೊಟ್ಟಳು. ಮಾಮಾನ ಮುಖ ಮಾತ್ರ ಬಸ್ಸು ಹತ್ತಿದವನ ಮುಖದ ಹಾಗೆ ಬಿಳಿಚಿತ್ತು.

ಅಲ್ಲಿಂದ ಸುರುವಾಯಿತು ನೋಡಿ!

ಮೊದಲು ಪುಸ್ತಕ ಬೇಕು. ನಮ್ಮ ಕಾಲೇಜಿನಲ್ಲಿ ಈ ಪರೀಕ್ಷೆಯ ಹೆಸರು ಕೇಳಿದವರು ಇಬ್ಬರೋ ಮೂವರೋ. ಅದಕ್ಕೆಂದೇ ಗೈಡುಗಳು ಬಂದಿವೆ ಎಂದು ಯಾರೋ ಹೇಳಿದರು. ಮಾಮಾ ತನ್ನ ಸ್ಟ್ಯಾಂಡಿಗೆ ಬರುವ ಪ್ರತಿ ಕಂಡಕ್ಟರಿಗೂ ಹೇಳಿ ಕಳಿಸಿದ: "ನಮ್ಮ ಅಕ್ಕನ ಮಗಳಿಗೆ ಒಂದು ಚಲೋ ಗೈಡ್ ಬೇಕು. ಎಲ್ಲಿದ್ರೂ ತಗೊಂಡು ಬರ್ರಿ."

ಮೂರನೆಯ ದಿನ ಬಾದಾಮಿ ಗಾಡಿಯಿಂದ ಬಿಳಿ ಪ್ಯಾಂಟು, ತಲೆಗೆ ಟೊಪ್ಪಿಗೆ, ಕೈಯಲ್ಲೊಂದು ಬೆತ್ತ ಹಿಡಿದ ಮನುಷ್ಯನೊಬ್ಬ ಇಳಿದು ಮಾಮಾನ ಕಿಟಕಿಗೆ ಬಂದ.

"ನೀವs ಏನ್ರಿ ಗೈಡ್ ಬೇಕಂದಿದ್ದು? ಹುಡುಗಿ ಎಲ್ಲೈತ್ರಿ? ಮೊದಲನೇ ಗವಿಯಿಂದ ಸುರು ಮಾಡೂಣೇನ್ರಿ?"

ಬಾದಾಮಿಯ ಗುಹೆಗಳನ್ನು ಪ್ರವಾಸಿಗರಿಗೆ ತೋರಿಸುವ ಗೈಡ್ ಅವನು! ಕಂಡಕ್ಟರ್ ಹೇಳಿದ ಮಾತನ್ನು ನಂಬಿ ಬಂದುಬಿಟ್ಟಿದ್ದ. ಬೇರೆಯವರಾಗಿದ್ದರೆ ಕ್ಷಮೆ ಕೇಳಿ ಅದೇ ಗಾಡಿಗೆ ಹತ್ತಿಸಿ ಕಳಿಸುತ್ತಿದ್ದರು. ಮಾಮಾ ಹಾಗೆ ಮಾಡಲಿಲ್ಲ. ಚಹಾ ತರಿಸಿ, "ಬಂದೀರಿ ಅಂದ್ರ ಖಾಲಿ ಕೈಲೆ ಹೋಗಬ್ಯಾಡ್ರಿ. ನಿಮಗ ಅಷ್ಟೆಲ್ಲ ಹ್ಯಾಂಗ ನೆನಪಿರ್ತೈತಿ? ಅದನ್ನರ ಹೇಳ್ರಿ" ಎಂದ. ಗೈಡ್ ಮೀಸೆ ತಿರುವಿದ. "ನಟರಾಜನ ಹದಿನೆಂಟು ಕೈ ಅದಾವ್ರಿ. ಬಾಯಿಪಾಠ ಮಾಡಿದ್ರ ಮರೀತೀವಿ. ಒಂದೊಂದು ಕೈಯಾಗ ನಮ್ಮ ಮನಿ ಮಂದಿನ್ನ ಒಬ್ಬೊಬ್ಬರನ್ನ ನಿಂದ್ರಸೀನಿ. ಈ ಕೈಯಾಗ ನಮ್ಮ ಅತ್ತಿ, ಈ ಕೈಯಾಗ ನಮ್ಮ ದೊಡ್ಡಪ್ಪ..." ಮುಂದೆ ತಲೆಬುರುಡೆಯ ಹನ್ನೆರಡು ನರಗಳಲ್ಲಿ ನಾನು ನಮ್ಮ ಓಣಿಯ ಹನ್ನೆರಡು ಮನೆಗಳವರನ್ನು ನಿಲ್ಲಿಸಿದ್ದು ಈ ಪಾಠದಿಂದಲೇ. ಮೆಡಿಕಲ್ ಕಾಲೇಜಿನಲ್ಲೂ ಅವರು ಅಲ್ಲಿಂದ ಕದಲಲಿಲ್ಲ!

ಹೊರಡುವಾಗ ಗೈಡ್ ಇನ್ನೊಂದು ಮಾತು ಹೇಳಿದ: "ನಮ್ಮ ಓಣ್ಯಾಗ ಒಬ್ರು ಮಾಸ್ತರ ಅದಾರ್ರಿ. ದಿನಾ ರೈಲಿಗೆ ಬಾಗಲಕೋಟಿ ಕಾಲೇಜಿಗೆ ಹೋಗಿ ಸೈನ್ಸ್ ಹೇಳ್ತಾರ. ಹುಡುಗಿಗೆ ಏನರ ತಿಳೀಲಿಕ್ಕರ ಬರದು ಕಳಸ್ರಿ, ನಾ ಕೇಳಿ ಬರಸ್ತೀನಿ."

ಮಾಮಾನ ಕಣ್ಣುಗಳು ಹೊಳೆದವು. ಬರೆದು ಕಳಿಸುವುದಕ್ಕೆ ಅವನ ಹತ್ತಿರ ಇಡೀ ಒಂದು ಬಸ್ ಸ್ಟ್ಯಾಂಡೇ ಇತ್ತಲ್ಲ!

ಮರುದಿನದಿಂದ ನನ್ನ ಓದು ಗಾಲಿಗಳ ಮೇಲೆ ಓಡತೊಡಗಿತು. ತಿಳಿಯದ ಪ್ರಶ್ನೆಗಳನ್ನು ಬರೆದು ಇಲಕಲ್ಲಿನಲ್ಲಿ ಮುಂಜಾನೆಯ ಕಂಡಕ್ಟರಿಗೆ ಕೊಡುತ್ತಿದ್ದೆ. ಅದು ಹುನಗುಂದದಲ್ಲಿ ಮಾಮಾನ ಕೈ ಸೇರಿ, ಬಾದಾಮಿ ಗಾಡಿ ಹತ್ತಿ, ಗೈಡ್‌ನ ಕೈಗೆ, ಗೈಡ್‌ನಿಂದ ಮಾಸ್ತರರಿಗೆ. ಮಾಸ್ತರರು ರೈಲಿನಲ್ಲಿ ಕೂತು ಉತ್ತರ ಬರೆಯುತ್ತಿದ್ದರಂತೆ, ಅಕ್ಷರಗಳೆಲ್ಲ ಕುಣಿಯುತ್ತಿದ್ದವು. ಮರುದಿನ ಅದೇ ದಾರಿಯಲ್ಲಿ ಲಕೋಟೆ ಮರಳಿ ಬರುತ್ತಿತ್ತು. ಬರಬರುತ್ತ ಮಾಸ್ತರರೇ ಪ್ರಶ್ನೆಗಳನ್ನು ಕಳಿಸಿ ನನ್ನ ಉತ್ತರಗಳನ್ನು ತಿದ್ದತೊಡಗಿದರು. ನಾನು ಅವರ ಮುಖವನ್ನೇ ನೋಡಿರಲಿಲ್ಲ. ಆದರೆ ನಾನು ಎಲ್ಲಿ ತಪ್ಪುತ್ತೇನೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. "ಉತ್ತರ ಸರಿ. ಆದರೆ ಅವಸರ ಬಹಳ" ಎಂದು ಒಮ್ಮೆ ಬರೆದಿದ್ದರು. ಅದನ್ನು ಓದಿದ ಮಾಮಾ, "ಇವರು ನಮ್ಮ ಡ್ರೈವರ್‌ಗಳಿಗೂ ಒಂದೀಟು ಹಿಂಗ ಬರದು ಕಳಸಬೇಕು" ಎಂದ.

ಒಂದು ದಿನ ನನ್ನ ಉತ್ತರಗಳಿದ್ದ ಲಕೋಟೆ ತಪ್ಪಿ ಐಹೊಳೆ ಗಾಡಿ ಹತ್ತಿಬಿಟ್ಟಿತು. ಮಾಮಾ ಅನ್ನ ಬಿಟ್ಟ. "ಹುಡುಗಿ ಭವಿಷ್ಯ ಐಹೊಳಿಗೆ ಹೋತಲ್ಲೋ!" ಎಂದು ಸ್ಟ್ಯಾಂಡಿನಲ್ಲಿ ಎದೆ ಬಡಿದುಕೊಂಡ. ಸಂಜೆ ಗಾಡಿ ಬಂತು, ಲಕೋಟೆಯೂ ಬಂತು. ತೆರೆದು ನೋಡಿದರೆ ಇಪ್ಪತ್ತು ಪ್ರಶ್ನೆಗಳಿಗೂ ನನ್ನ ಗುರುತಿನ ಪಕ್ಕದಲ್ಲಿ ಯಾರೋ ನೇರಳೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಾರೆ! ಕಂಡಕ್ಟರನ್ನು ಕೇಳಿದರೆ, "ಗಾಡಿ ಪಂಚರ್ ಆಗಿತ್ರಿ. ಜನಕ್ಕ ಹೊತ್ತು ಹೋಗವಲ್ದಾಗಿತ್ತು, ನಾ ಓದಿ ಹೇಳಿದೆ, ಎಲ್ಲಾರೂ ಕೂಡಿ ಹಾಕ್ಯಾರ" ಎಂದ. ಬಾದಾಮಿಯ ಮಾಸ್ತರರು ಅದನ್ನು ತಿದ್ದಿ ಕಳಿಸಿದರು. ನನಗೆ ಇಪ್ಪತ್ತಕ್ಕೆ ಹನ್ನೊಂದು. ಐಹೊಳೆ ಗಾಡಿಗೆ ಹನ್ನೆರಡು!

ನಾನು ಎರಡು ದಿನ ಅತ್ತೆ. ಮಾಮಾ ಮಾತ್ರ, "ಅಳಬ್ಯಾಡ ಬೇ. ಅವರು ಐವತ್ತೆರಡು ಮಂದಿ ಇದ್ರು, ನೀ ಒಬ್ಬಾಕಿ" ಎಂದು ಸಮಾಧಾನ ಮಾಡಿದ.

ಪಾಠ ಕಳಿಸುತ್ತ ಕಳಿಸುತ್ತ ಮಾಮಾನಿಗೂ ಪರೀಕ್ಷೆಯ ಹುಚ್ಚು ಹಿಡಿಯಿತು. ಮಾತು ಮಾತಿಗೆ ನಾಲ್ಕು ಉತ್ತರ ಬೇಕು. ಅಜ್ಜಿಯನ್ನು, "ಇವತ್ತ ಪಲ್ಯಾ ಏನಬೇ? ಎ, ಬದ್ನಿಕಾಯಿ. ಬಿ, ಹೆಸರಕಾಳು. ಸಿ, ಪುಂಡಿಪಲ್ಯ. ಡಿ, ಯಾವುದೂ ಅಲ್ಲ" ಎಂದು ಕೇಳುತ್ತಿದ್ದ. ಅಜ್ಜಿ, "ತಾಟಿನ್ಯಾಗ ಏನ ಬಿದ್ದೈತೋ ಅದs ಉತ್ತರ, ತಿನ್ನು" ಎನ್ನುತ್ತಿದ್ದಳು.

ಭೌತಶಾಸ್ತ್ರವನ್ನಂತೂ ಅವನು ನನ್ನಿಂದಲೇ ಹೇಳಿಸಿಕೊಳ್ಳುತ್ತಿದ್ದ. "ನಿನಗ ತಿಳಿದೈತೋ ಇಲ್ಲೋ ಅನ್ನೂದು ನನಗ ತಿಳಿಸಿ ತೋರಿಸು" ಎನ್ನುವುದು ಅವನ ಕಟ್ಟಳೆ. ಜಡತ್ವದ ನಿಯಮ ಹೇಳಿದೆ: ಬಸ್ಸು ಒಮ್ಮೆಲೇ ನಿಂತರೆ ಒಳಗಿನವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಅದೇ ಇದು ಎಂದೆ. ಮಾಮಾ ಕಣ್ಣರಳಿಸಿ, "ಇದಕ್ಕ ಇಂಗ್ಲೀಷಿನ್ಯಾಗ ಬ್ಯಾರೆ ಹೆಸರೈತೇನು? ನಾವು ಇದಕ್ಕ ಡ್ರೈವರನ ಸೊಕ್ಕು ಅಂತೀವಿ" ಎಂದ. ಅವನಿಗೆ ತಿಳಿಯುವ ಹಾಗೆ ಹೇಳಬೇಕೆಂದು ನಾನು ಒಂದು ಪಾಠವನ್ನು ನಾಲ್ಕು ನಾಲ್ಕು ಸಲ ಓದುತ್ತಿದ್ದೆ. ಐದನೆಯ ಸಲಕ್ಕೆ ಮಾಮಾನಿಗೆ ತಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ನನಗೆ ಬಾಯಿಪಾಠ ಮಾಡುವ ಅಗತ್ಯವೇ ಉಳಿದಿರುತ್ತಿರಲಿಲ್ಲ. ಈಗ ಹೇಳಿ, ಇದಕ್ಕಿಂತ ದೊಡ್ಡ ಮಾಸ್ತರ ಯಾರಿದ್ದಾರೆ?

ಪರೀಕ್ಷೆಗೆ ಒಂದು ತಿಂಗಳು ಇರುವಾಗ ಮಾಮಾನಿಗೆ ಹೊಸ ಚಿಂತೆ. "ಮನ್ಯಾಗ ಕುಂತು ಯಾರರ ಬರೀತಾರ. ಅಲ್ಲಿ ನೂರಾರು ಮಂದಿ ನಡುವ ಬರೀಬೇಕಾಗ್ತೈತಿ. ನೀ ಸ್ಟ್ಯಾಂಡಿಗೆ ಬಾ." ಹೀಗಾಗಿ ಭಾನುವಾರಗಳಲ್ಲಿ ನನ್ನ ಪರೀಕ್ಷೆ ಹುನಗುಂದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಒಂದು ಬದಿಗೆ ಶೇಂಗಾ ಮಾರುವವಳು, ಇನ್ನೊಂದು ಬದಿಗೆ ಕೋಳಿ ಕಟ್ಟಿಕೊಂಡು ಕೂತ ಮುದುಕ, ತಲೆಯ ಮೇಲೆ ಮಾಮಾನ ಮೈಕು. ವೇಳೆಗೆ ಗಡಿಯಾರವಿಲ್ಲ. "ಕೆರೂರ ಗಾಡಿ ಬರೂದ್ರಾಗ ಕೆಮಿಸ್ಟ್ರಿ ಮುಗೀಬೇಕು" ಎಂದು ಆಜ್ಞೆ. ನಾನು ಬರೆಯುತ್ತಿದ್ದರೆ ಹಿಂದೆ ಹತ್ತು ಜನ ನಿಂತು ಇಣುಕುತ್ತಿದ್ದರು. ಒಮ್ಮೆ ಮಾಮಾ ಮಾಸ್ತರರು ಕಳಿಸಿದ ಉತ್ತರಗಳ ಜೊತೆ ನನ್ನ ಉತ್ತರ ಹೋಲಿಸಿ ನೋಡುತ್ತಲೇ ಮೈಕು ಹಿಡಿದು, "ಬಾಗಲಕೋಟಿ ಕಡೆ ಹೋಗುವ ಪ್ರಯಾಣಿಕರು ಲಕ್ಷ್ಯ ಕೊಡಬೇಕು, ಸರಿಯಾದ ಉತ್ತರ ಬಿ!" ಎಂದುಬಿಟ್ಟ. ಬಿ ಎನ್ನುವ ಗಾಡಿ ಯಾವುದೆಂದು ಜನ ಅರ್ಧ ತಾಸು ಹುಡುಕಿದರು.

ಕೊನೆಯ ಭಾನುವಾರ ನಾನು ನೂರಕ್ಕೆ ತೊಂಬತ್ತು ತೆಗೆದೆ. ಮಾಮಾ ಸ್ಟ್ಯಾಂಡಿಗೆಲ್ಲ ಚುರುಮುರಿ ಹಂಚಿದ. ಆಮೇಲೆ ತಿಳಿಯಿತು, ಅವತ್ತು ಕೆರೂರ ಗಾಡಿ ಒಂದೂವರೆ ತಾಸು ತಡವಾಗಿ ಬಂದಿತ್ತು!

ಪರೀಕ್ಷಾ ಕೇಂದ್ರ ಬಾಗಲಕೋಟೆ. ಅಪ್ಪ ಬರುತ್ತೇನೆಂದರು. ಮಾಮಾ ಕೇಳಲಿಲ್ಲ. "ದಾರ್ಯಾಗ ಗಾಡಿ ಕೆಟ್ಟ್ರ ನಿಮಗ ಏನ ತಿಳೀತೈತ್ರಿ? ನಾನs ಹೋಗ್ತೇನಿ." ಎಂದೂ ಬಸ್ಸು ಹತ್ತದ ಮಾಮಾ ಅಂದು ಹತ್ತಿದ! ಡ್ರೈವರ್ ಎದ್ದು ನಿಂತು ಕೈಮುಗಿದ. ಸ್ಟ್ಯಾಂಡಿನ ಜನ ಚಪ್ಪಾಳೆ ತಟ್ಟಿದರು. ಈ ಗಾಡಿ ಕೆಟ್ಟರೆ ಹಿಂದೆ ಇನ್ನೊಂದು, ಅದೂ ಕೆಟ್ಟರೆ ಅಮೀನಗಡದಲ್ಲಿ ಮತ್ತೊಂದು ನಿಲ್ಲಬೇಕೆಂದು ಅವನು ಮೊದಲೇ ಏರ್ಪಾಡು ಮಾಡಿಟ್ಟಿದ್ದ. ಮೂರೂ ಗಾಡಿಗಳು ಅವತ್ತು ಸರಿಯಾಗಿದ್ದವು. ಕೆಟ್ಟಿದ್ದು ಮಾಮಾ ಒಬ್ಬನೇ. ಲಿಂಬೆಹಣ್ಣು ಮೂಗಿಗೆ ಹಿಡಿದು ಕೂತವನು ಅಮೀನಗಡ ಬರುವುದರೊಳಗೆ ಎರಡು ಸಲ, ಆಚೆಗೆ ಮೂರು ಸಲ ಕಿಟಕಿಗೆ ತಲೆ ಹಾಕಿದ. ಅವನ ಬೆನ್ನು ನೀವುತ್ತ, ನೀರು ಕುಡಿಸುತ್ತ, ನನ್ನ ಪರೀಕ್ಷೆಯ ಹೆದರಿಕೆ ನನಗೇ ಮರೆತುಹೋಯಿತು. ಕೇಂದ್ರದ ಬಾಗಿಲಲ್ಲಿ ನಾನು ಅವನ ರಟ್ಟೆ ಹಿಡಿದು ನಿಂತಿದ್ದನ್ನು ಕಂಡ ಕಾವಲುಗಾರ, "ಏ ತಂಗಿ, ದವಾಖಾನಿ ಇದಲ್ಲ, ಆ ಕಡಿ ಓಣ್ಯಾಗೈತಿ" ಎಂದ.

ಮಾಮಾ ಒಂದು ಗಿಡದ ಬುಡದಲ್ಲಿ ಮಲಗಿಕೊಂಡೇ, "ಹೋಗು ಬೇ. ಅವಸರ ಮಾಡಬ್ಯಾಡ. ನಾಕೂ ಓದು, ಆಮ್ಯಾಲ ಗುರುತು ಹಾಕು" ಎಂದು ಕೈ ಬೀಸಿದ. ನಾನು ಒಳಗೆ ಹೋದೆ. ಸುತ್ತ ಪೆನ್ನು ಬಿದ್ದ ಸದ್ದಿಗೂ ಬೆಚ್ಚುವ ಮಕ್ಕಳು. ಬಸ್ ಸ್ಟ್ಯಾಂಡಿನಲ್ಲಿ ಪಳಗಿದ ನನಗೆ ಆ ಪರೀಕ್ಷಾ ಹಾಲ್ ದೇವರ ಕೋಣೆಯ ಹಾಗೆ ತಣ್ಣಗೆ, ಶಾಂತವಾಗಿ ಕಂಡಿತು. ಮನಸ್ಸು ನಿಂತಿತು. ಬರೆದೆ.

ನಮ್ಮ ಅರ್ಜಿಯಲ್ಲಿ ಮಾಮಾ ವಿಳಾಸದ ಜಾಗದಲ್ಲಿ 'ಕಂಟ್ರೋಲರ್ ಕೋಣೆ, ಬಸ್ ಸ್ಟ್ಯಾಂಡ್, ಹುನಗುಂದ' ಎಂದು ಬರೆಸಿದ್ದ. ಹೀಗಾಗಿ ಫಲಿತಾಂಶದ ಕಾಗದ ಅವನ ಕೈಗೇ ಬಂತು. ಹುಬ್ಬಳ್ಳಿಯಲ್ಲಿ ನನಗೆ ಮೆಡಿಕಲ್ ಸೀಟು! ಅವನು ಮೈಕು ಹಿಡಿದು ಹೇಳಿದನಂತೆ: "ಇಲಕಲ್ಲ ಕಡೆ ಹೋಗುವ ಪ್ರಯಾಣಿಕರು ಲಕ್ಷ್ಯ ಕೊಡಬೇಕು. ನಮ್ಮ ಅಕ್ಕನ ಮಗಳು ಡಾಕ್ಟರ್ ಆಗಾಕತ್ತಾಳ. ಆದ ಕಾರಣ ಗಾಡಿ ಐದು ನಿಮಿಷ ತಡ ಆಗ್ತೈತಿ." ಐದು ನಿಮಿಷ ಅವನಿಗೆ ಕಣ್ಣೊರೆಸಿಕೊಳ್ಳಲು ಬೇಕಾಗಿತ್ತೆಂದು ಕಂಡಕ್ಟರ್ ಆಮೇಲೆ ಹೇಳಿದ.

ಆ ಬಸ್ಸು ಇಲಕಲ್ಲು ಮುಟ್ಟಿದ್ದೇ ತಡ, ಇಳಿದವರೆಲ್ಲ ನಮ್ಮ ಮನೆಗೆ ಬಂದು ಸುದ್ದಿ ಹೇಳಿದರು. ಓಣಿ ತುಂಬ ಜನ. ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಅಪ್ಪ ಸೀರೆಯ ಅರ್ಧದಲ್ಲೇ ಮಗ್ಗ ಬಿಟ್ಟು ಎದ್ದರು. ಒಂದು ತಾಸು ಕಳೆದ ಮೇಲೆ ಮಾಮಾನ ಸೈಕಲ್ಲು ಕಂಡಿತು. ಏದುಸಿರು ಬಿಡುತ್ತ ಇಳಿದು, "ಮಗ್ಗ... ನಿಲ್ಲಸ್ರಿ... ಒಂದು ಸುದ್ದಿ ಐತಿ!" ಎಂದ. ಹನ್ನೆರಡು ಕಿಲೋಮೀಟರು ತುಳಿದುಕೊಂಡು ಬಂದ ಆ ಮುಖ ನೋಡಿ, 'ನಮಗೆ ಗೊತ್ತು' ಎನ್ನಲು ಓಣಿಯ ಒಬ್ಬರಿಗೂ ಬಾಯಿ ಬರಲಿಲ್ಲ. "ಏನಂತೋ? ಏನಂತೋ?" ಎಂದು ಎಲ್ಲರೂ ಕೇಳಿದರು. ಅವನು ಹೇಳಿದ. ಎಲ್ಲರೂ ಮತ್ತೊಮ್ಮೆ ಹೊಸದಾಗಿ ಕುಣಿದರು.

ನಾನು ಹುಬ್ಬಳ್ಳಿಗೆ ಹೊರಡುವ ದಿನ. ಅಜ್ಜಿ ನನ್ನ ತಲೆ ಬಾಚುತ್ತ ಕೂತಿದ್ದಳು. ಇದ್ದಕ್ಕಿದ್ದ ಹಾಗೆ, "ನೀ ಪಾಸಾಗಿದ್ದಕ್ಕಿಂತ ನಿಮ್ಮ ಮಾಮಾ ಪಾಸಾಗಿದ್ದು ದೊಡ್ಡದು ನೋಡು" ಎಂದಳು.

"ಅವನೇನ ಬರದಾನಜ್ಜಿ?"

"ನಿನ್ನ ಅವಗs ಕೊಡಬೇಕಂತ ಮಾಡಿದ್ದೆ ನಾ. ಮನಿ ಹೆಣ್ಣು ಮನ್ಯಾಗ ಇರಲಿ ಅಂತ. ಅದಕ್ಕs ಮೂವತ್ತೆರಡಾದ್ರೂ ಅವಗ ಬ್ಯಾರೆ ಹೆಣ್ಣು ನೋಡಿರಲಿಲ್ಲ. ಆ ದಿನ ಹಿತ್ತಲದಾಗ ನನ್ನ ಕಾಲ ಹಿಡಕೊಂಡ. 'ಅಕ್ಕ ನೂಲು ಸುತ್ತುವಾಗ ಈ ಕೂಸಿನ ತೊಟ್ಟಲಾ ತೂಗಿದಾವ ನಾನು, ಅವ್ವಾ. ಅದು ನನ್ನ ಮಗಳು. ಅದರ ಕೊಳ್ಳಿಗೆ ನಾ ತಾಳಿ ಹೆಂಗ ಕಟ್ಟಲಿ?' ಅಂದ. ನಾ ಜಗ್ಗಲಿಲ್ಲ. ನಪಾಸಾದ್ರ ನನ್ನ ಮಾತು ಕೇಳಬೇಕು ಅಂದೆ. ಹೂಂ ಅಂದು ಒಳಗ ಬಂದ."

ಅಜ್ಜಿಯ ಹಣಿಗೆ ನನ್ನ ಕೂದಲಲ್ಲೇ ನಿಂತಿತು. "ನನ್ನದs ತಪ್ಪಾಗಿತ್ತು ಅನಸ್ತೈತಿ" ಎಂದು ಮೆಲ್ಲಗೆ ಅಂದಳು. ಅವಳು ಯಾವ ಮಾತಿಗೂ ಹಾಗೆ ಅಂದಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಅರ್ಧ ಹೆಣೆದ ಜಡೆಯಲ್ಲೇ ನಾನು ಹೊರಗೆ ಬಂದೆ. ಮಾಮಾ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ನನ್ನ ಟ್ರಂಕಿಗೆ ಹಗ್ಗ ಸುತ್ತುತ್ತಿದ್ದ.

"ಮಾಮಾ, ನನಗ್ಯಾಕ ಹೇಳಲಿಲ್ಲ?"

ಅವನಿಗೆ ತಿಳಿಯಿತು. ತಲೆ ಎತ್ತಲಿಲ್ಲ.

"ಹೇಳಿದ್ರ ನೀ ಹೆದರಕೊಂಡು ಓದತಿದ್ದಿ. ಹೆದರಿಕಿ ನನ್ನ ಪಾಲಿಗೆ ಇರಲಿ, ನೀ ಖುಷಿಲೆ ಓದು ಅಂತ ಸುಮ್ಮಿದ್ದೆ."

ನಾನು ಅವನ ಎದುರಿಗೆ ಕೂತೆ. "ಈ ಕಡೆ ಹಗ್ಗ ಗಟ್ಟಿ ಹಿಡಿ ಬೇ, ಬಿಗೀಬೇಕು" ಎಂದ. ಹಿಡಿಯಲು ಕೈ ಚಾಚಿದೆ. ಬಹಳ ಹೊತ್ತು ಇಬ್ಬರೂ ತಡಕಾಡಿದೆವು. ಇಬ್ಬರಿಗೂ ಹಗ್ಗ ಕಾಣುತ್ತಿರಲಿಲ್ಲ.